ಕೊರೆಯದೆ ಬಿಟ್ಟ ಅಂಚು

"ಅರ್ಧ ಬರೆದ ಡ್ರಾಯಿಂಗ್ ಮುಟ್ಟೋಕೆ ನಿಮಗೆ ಯಾರು ಹೇಳಿದ್ದು?!"

ಅವಳ ಕೂಗಿಗೆ ಇಡೀ ಆಫೀಸು ತಿರುಗಿ ನೋಡಿತು. ಅವನು ಮಾತ್ರ ಹಾಳೆಯಿಂದ ಕಣ್ಣು ಕೀಳಲಿಲ್ಲ.

"ಮ್ಯಾನೇಜರ್ ಹೇಳಿದ್ದು ಮೇಡಂ. ಇನ್ಮೇಲೆ ನೀವು ಬರೀತಾ ಇರ್ಬೇಕು, ನಾನು ಅಚ್ಚು ಕೊರೀತಾ ಇರ್ಬೇಕು, ಪರೀಕ್ಷೆಯವರು ಪರೀಕ್ಷೆ ಮಾಡ್ತಾ ಇರ್ಬೇಕು. ಎಲ್ಲಾ ಒಟ್ಟೊಟ್ಟಿಗೆ, ಒಂದೇ ಮೇಜಲ್ಲಿ."

"ಪೂರ್ತಿ ಆಗ್ಲಿ, ಕೊಡ್ತೀನಿ."

"ಅಷ್ಟರಲ್ಲಿ ಆ ಮಕ್ಕಳು ಕಾಲೇಜು ಸೇರಿರ್ತಾರೆ!"

ಕಿವಿ ಕೇಳದ ಪುಟ್ಟ ಮಕ್ಕಳಿಗಾಗಿ ತಯಾರಾಗುತ್ತಿದ್ದ ಶ್ರವಣಯಂತ್ರವದು. ಹೊರಕವಚದ ವಿನ್ಯಾಸ ಅವಳದು. ಆ ಕವಚವನ್ನು ಪ್ಲಾಸ್ಟಿಕ್ಕಿನಲ್ಲಿ ತೆಗೆಯುವ ಉಕ್ಕಿನ ಅಚ್ಚು ಅವನದು. ಆಫೀಸಿನವರೆಲ್ಲ ಅವನನ್ನು 'ಅಚ್ಚಣ್ಣ' ಎನ್ನುತ್ತಿದ್ದರು. ಮೊದಮೊದಲು ಅವಳೂ ಹಾಗೇ ಕರೆದಳು. ಎರಡನೇ ತಿಂಗಳಿಗೆ ಅದ್ಯಾಕೋ ಆ 'ಅಣ್ಣ' ಅವಳ ಬಾಯಿಗೆ ಬರಲೇ ಒಲ್ಲದು! ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

"ಕವಚದ ಗೋಡೆ ಇಷ್ಟು ನೆಟ್ಟಗಿದ್ರೆ ಅದು ಅಚ್ಚಿಂದ ಈಚೆ ಬರಲ್ಲ. ಚೂರು ಓರೆ ಮಾಡಿ" ಎನ್ನುತ್ತಿದ್ದ. ಅವಳು ಮುಖ ಊದಿಸಿಕೊಂಡೇ ತಿದ್ದುತ್ತಿದ್ದಳು. ಅವನು ಬಾರದ ದಿನ ಮಾತ್ರ ಒಂದು ಗೆರೆಯೂ ಸರಿಯಾಗಿ ಬೀಳುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಕಿವಿಯ ಹಿಂದೆ ಕೂರುವ ಅಂಚು. ಅವಳು ಅಳತೆ ಹಾಕಿ, 'ಅಂತಿಮ' ಎಂದು ಬರೆದು ಸಹಿ ಮಾಡಿದಳು.

ಅಚ್ಚಿನಿಂದ ಮೊದಲ ಕವಚ ಬಂದಾಗ ಅವಳಿಗೆ ನಂಬಲಾಗಲಿಲ್ಲ.

"ಅಂಚು ಯಾಕಿಷ್ಟು ತೆಳ್ಳಗಿದೆ? ನನ್ನ ಅಳತೆ ಇದಲ್ಲ!"

"ಬೇಕಂತಲೇ ಮೇಡಂ... ಅಲ್ಲಿ ಸ್ವಲ್ಪ ಉಕ್ಕು ಕೊರೀದೆ ಬಿಟ್ಟಿದ್ದೀನಿ. ಯಾಕಂದ್ರೆ..."

"ಬೇಕಂತಲೇನಾ?!"

ಮುಂದಿನ ಮಾತನ್ನು ಅವಳು ಕೇಳಲಿಲ್ಲ. ಇಷ್ಟು ನಂಬಿದ್ದೆನಲ್ಲ... ನನ್ನ ಸಹಿಗೆ ಇವನ ಕಣ್ಣಲ್ಲಿ ಬೆಲೆಯೇ ಇಲ್ಲವೇ? ಸಿಟ್ಟು ನೆತ್ತಿಗೇರಿತ್ತು. ಎಲ್ಲರ ಎದುರೇ ದೂರು ಬರೆದು ಮ್ಯಾನೇಜರ್ ಕೈಗಿಟ್ಟಳು.

ಆದೇಶವೂ ಬಂದೇಬಿಟ್ಟಿತು. ಸೋಮವಾರದಿಂದ ಅವನು ಊರಾಚೆಯ ಹಳೇ ಕಾರ್ಖಾನೆಗೆ. ಅವನು ಆದೇಶದ ಕಾಗದ ಮಡಿಸಿ ಜೇಬಿಗಿಟ್ಟು ಕೆಲಸಕ್ಕೆ ಮರಳಿದ.

ಶುಕ್ರವಾರ ಪರೀಕ್ಷೆ ವಿಭಾಗದ ಅಕ್ಕ ವರದಿ ಹಿಡಿದು ಬಂದರು.

"ನೋಡಮ್ಮಾ, ನಿನ್ನ ಅಳತೆಗೆ ಅಚ್ಚಿಲ್ಲದೆ ಕೈಯಲ್ಲೇ ಮಾಡಿದ ಮಾದರಿ ಹಾಕಿದ ಮಕ್ಕಳಿಗೆಲ್ಲ ಕಿವಿ ಹಿಂದೆ ಕೆಂಪಗೆ ಗೆರೆ ಬಿದ್ದಿದೆ. ಅಚ್ಚಣ್ಣನ ತೆಳ್ಳಗಿನದು ಹಾಕಿದವರು ತೆಗೆಯೋಕೇ ಒಪ್ಲಿಲ್ಲ!"

"ಅಂದ್ರೆ...?"

"ಬಿಟ್ಟ ಉಕ್ಕನ್ನ ಯಾವಾಗ ಬೇಕಾದ್ರೂ ಕೊರೆದು ಅಂಚು ದಪ್ಪ ಮಾಡ್ಬಹುದು. ಕೊರೆದದ್ದನ್ನ ವಾಪಸ್ ಅಂಟಿಸೋಕಾಗುತ್ತಾ? ಅವನು ನಿನ್ನ ಮಾತು ಕೇಳಿದ್ದಿದ್ರೆ ಅಚ್ಚು ಗುಜರಿಗೆ ಹೋಗ್ತಿತ್ತು."

ಅಯ್ಯೋ... ಏನು ಮಾಡಿಬಿಟ್ಟೆ ನಾನು!

ಅವತ್ತೇ ಎಲ್ಲರೂ ಸೇರುವ ಅದೇ ಮೇಜಿನ ಮುಂದೆ, ಮ್ಯಾನೇಜರ್ ಎದುರು ಎದ್ದು ನಿಂತಳು. "ಸರ್, ಎಲ್ಲರ ಎದುರು ದೂರಿದ್ದೆ, ಎಲ್ಲರ ಎದುರೇ ಹೇಳ್ತೀನಿ. ತಪ್ಪು ನನ್ನದು. ದೂರು ವಾಪಸ್ ತಗೋತೀನಿ."

"ಆದೇಶ ರದ್ದು ಮಾಡ್ತೀನಮ್ಮ" ಎಂದರು ಮ್ಯಾನೇಜರ್. "ಇರೋದು ಬಿಡೋದು ಅವರಿಷ್ಟ."

ಅವಳು ಅಚ್ಚು ಕೊರೆಯುವ ಟೂಲ್‌ರೂಮಿಗೆ ಓಡಿದಳು. ಅವನು ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದ.

"ಆ ಉಕ್ಕು ಯಾಕೆ ಬಿಟ್ರಿ?"

"'ಅಂತಿಮ' ಅಂತ ಬರೆದಿದ್ರಿ. ಆದ್ರೂ ದಿನಾ ಮನೆಗೆ ಹೊರಡೋ ಮುಂಚೆ ಆ ಅಂಚಿನ ಡ್ರಾಯಿಂಗನ್ನೇ ತೆಗೆದು ನೋಡ್ತಿದ್ರಿ. ನಿಮ್ಮ ಮನಸ್ಸಿಗೆ ಅದಿನ್ನೂ ಒಪ್ಪಿಲ್ಲ ಅನ್ನಿಸ್ತು."

ಅವಳ ಕಣ್ಣು ತುಂಬಿಬಂತು. ತನಗೆ ತಾನೇ ಒಪ್ಪಿಕೊಳ್ಳದ ಅನುಮಾನ ಇವನಿಗೆ ಗೊತ್ತಾಗಿತ್ತು!

"ಮೊದಲೇ ಹೇಳ್ಬಾರ್ದಿತ್ತಾ? ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಹೇಳ್ಬೇಕಿತ್ತು. ಕೇಳದೆ ನಿಮ್ಮ ಪರವಾಗಿ ನಾನೇ ತೀರ್ಮಾನ ಮಾಡಿದ್ದು ತಪ್ಪು."

"ಹೋಗ್ಬೇಡಿ..." ಎಂದಳು. "ಕೆಲಸಕ್ಕೋಸ್ಕರ ಅಲ್ಲ, ನನಗೋಸ್ಕರ. ಮನೇಲಿ ಏನಂತಾರೋ, ಮುಂದೆ ಹೇಗೋ, ಇನ್ನೂ ಒಂದೂ ಯೋಚಿಸಿಲ್ಲ. ಆದ್ರೆ ನೀವಂದ್ರೆ ನನಗೆ ಇಷ್ಟ. ತುಂಬಾ..."

ಅವನ ಕೈಯಲ್ಲಿದ್ದ ಉಕ್ಕು ಉಜ್ಜುವ ಅರ ಠಣ್ಣೆಂದು ನೆಲಕ್ಕೆ ಬಿತ್ತು.

"ನಾನು ನಮ್ಮಮ್ಮನಿಗೆ ನಿಮ್ಮ ವಿಷಯ ಹೇಳಿ ಮೂರು ವಾರ ಆಯ್ತು."

"ನನ್ನನ್ನ ಕೇಳದೇನಾ?! ಮತ್ತೆ ಅದೇ ಬುದ್ಧಿ!"

"ಎಲ್ಲಾ ಒಟ್ಟೊಟ್ಟಿಗೆ ನಡೀಲಿ ಅಂತ..." ಅವನು ತಲೆ ಕೆರೆದುಕೊಂಡ.

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಅಮ್ಮ ಏನಂದ್ರು?"

"ಮಂಕೇ, ಮೊದ್ಲು ಆ ಹುಡುಗೀನ ಕೇಳು ಅಂತ ಬೈದ್ರು."

"ಮತ್ತೆ? ಕೇಳಿ."

ಅವನು ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತ. "ನೀವು... ಅಂದ್ರೆ, ನಿಮಗೆ ಒಪ್ಪಿಗೆ ಇದ್ರೆ... ಅವಸರ ಏನಿಲ್ಲ... ನನ್ನನ್ನ ಮದುವೆ ಆಗ್ತೀರಾ?"

ಅವನ ಮಾತು ಪೂರ್ತಿ ಮುಗಿಯುವವರೆಗೆ ಅವಳು ಕಾದಳು.

"ಆಗ್ತೀನಿ ರೀ" ಎಂದಳು.