ಎರಡು ಸಲ ಎಳೆದ ಬೀಗ

"ಹಾ ಹಾ ಹಾ! ಇನ್ನು ನೀನು ಈ ಗೋಪುರದಿಂದ ಹೊರಗೆ ಬರೋ ಹಾಗಿಲ್ಲ!"

ಬುಗುರಿ ಕಣ್ಣು ಕೆಕ್ಕರಿಸಿ, ಡಸ್ಟರ್ ಎತ್ತಿ ಅಬ್ಬರಿಸಿದಳು. ಬೆಂಚಿನ ಮೇಲೆ ನಿಂತಿದ್ದ ನಾಟಕದ ರಾಜಕುಮಾರಿ ಕಿಸಕ್ಕನೆ ನಕ್ಕಳು. ಅವಳ ಜೊತೆ ಇಡೀ ಕ್ಲಾಸೇ ನಕ್ಕಿತು.

"ಮಿಸ್, ಈ ಮಾಟಗಾತಿಯನ್ನ ನೋಡಿದ್ರೆ ಭಯಾನೇ ಆಗಲ್ಲ," ಎಂದಳು ರಾಜಕುಮಾರಿ.

ಬುಗುರಿಯ ಮುಖ ಕೆಂಪಾಯಿತು. ಒಂದು ಕಡೆ ಕೂರುವವಳಲ್ಲ ಎಂದು ಅಪ್ಪ ಇಟ್ಟ ಅಡ್ಡಹೆಸರು ಬುಗುರಿ. ಈಗ ಶಾಲೆಯಲ್ಲೂ ಅದೇ ಹೆಸರು.

"ಸರಿ, ಮಾಟಗಾತಿ ಆ ಹುಡುಗಿಯನ್ನ ಯಾಕೆ ಕೂಡಿಹಾಕ್ತಾಳೆ?" ಮಿಸ್ ಕೇಳಿದರು.

"ಕೆಟ್ಟವಳು ಮಿಸ್!"

"ಹೊಟ್ಟೆಕಿಚ್ಚು ಮಿಸ್!"

"ಒಬ್ಬಳೇ ಇದ್ದು ಇದ್ದು ಬೇಜಾರಾಗಿರತ್ತೆ ಮಿಸ್," ಎಂದ ಕೊನೇ ಬೆಂಚಿನ ಕನ್ನಡಕದ ಹುಡುಗ.

"ಮೂರೂ ಇರಬಹುದು," ಎಂದರು ಮಿಸ್.

ಬುಗುರಿಗೆ ತಡೆಯಲಾಗಲಿಲ್ಲ. "ಯಾವುದು ರೈಟು ಅಂತ ಹೇಳಿಬಿಡಿ ಮಿಸ್. ಹಾಗೇ ಮಾಡ್ತೀನಿ."

"ಲೆಕ್ಕದ ಪುಸ್ತಕದ ಹಾಗೆ ಕತೆಗೆ ಕೊನೇ ಪುಟದಲ್ಲಿ ಉತ್ತರ ಇರಲ್ಲಮ್ಮ. ನೀನೇ ಹುಡುಕಿಕೊಂಡು ಬಾ. ನಾಳೆಯೂ ಹೀಗೇ ಆದ್ರೆ ನಿನಗೆ ಮರದ ಪಾರ್ಟು."

ಮರ! ನಾಟಕ ಮುಗಿಯುವವರೆಗೂ ಅಲ್ಲಾಡದೆ ನಿಂತಿರಬೇಕು.

ಸಂಜೆ ಅಪ್ಪ ಖಾಕಿ ಶರ್ಟು ತೊಟ್ಟು ಬಸ್ ಡ್ಯೂಟಿಗೆ ಹೊರಡಲು ಅಣಿಯಾದ. ಅಮ್ಮ ಹೊಲಿಗೆ ಫ್ಯಾಕ್ಟರಿಯಿಂದ ಬರುವವರೆಗೆ ಮನೆಗೆ ಹೊರಗಿನಿಂದ ಬೀಗ. ಒಮ್ಮೆ ಬುಗುರಿ ಚೆಂಡಿನ ಹಿಂದೆ ಓಡಿ ಲಾರಿಯ ಮುಂದೆ ಹೋಗಿ ನಿಂತಿದ್ದಳು, ಅವತ್ತಿನಿಂದ ಈ ಏರ್ಪಾಡು.

"ಇದು ಮನೆಯಲ್ಲ, ಜೈಲು!" ಎಂದು ಕೂಗಿ ಟೀವಿ ಜೋರು ಮಾಡುವುದು ಅವಳ ರೂಢಿ. ಇವತ್ತು ಟೀವಿಯೂ ಬೇಡವಾಯಿತು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಸುತ್ತಿದಳು. ಮಾಟಗಾತಿ ಬೀಗ ಹಾಕುವಾಗ ಎಂಥ ಸದ್ದು ಬರುತ್ತದೋ! ಅಪ್ಪ ಹೊರಗೆ ಹೋಗಿ ಬಾಗಿಲೆಳೆದದ್ದೇ ತಡ, ಬಾಗಿಲಿಗೆ ಕಿವಿ ಹಚ್ಚಿದಳು.

ಕ್ಲಿಕ್. ಅಪ್ಪ ಬೀಗ ಎಳೆದು ನೋಡಿದ. ಬೂಟಿನ ಸದ್ದು ಮೆಟ್ಟಿಲಿಳಿಯಿತು. ನಿಂತಿತು. ಅರೆ, ಮತ್ತೆ ಮೇಲೆ ಬಂತು! ಬೀಗ ಇನ್ನೊಂದು ಸಲ ಅಲ್ಲಾಡಿತು. ಆಮೇಲೆ ಸದ್ದೇ ಇಲ್ಲ. ಬಾಗಿಲಿನ ಆಚೆ ಅಪ್ಪ ಸುಮ್ಮನೆ ನಿಂತಿದ್ದ. ಉಸಿರಾಟ ಮಾತ್ರ ಕೇಳುತ್ತಿತ್ತು.

ಅವನು ಇಳಿದು ಹೋದ ಮೇಲೆ ಬುಗುರಿ ಕಿಟಕಿಗೆ ಓಡಿದಳು. ಕೆಳಗೆ ಅಪ್ಪ ನಡೆಯುತ್ತಲೇ ತಲೆ ಎತ್ತಿ ಕಿಟಕಿಯತ್ತ ನೋಡುತ್ತಿದ್ದ.

"ಏನ್ರೀ, ಆಕಾಶ ನೋಡ್ಕೊಂಡು ನಡೀತೀರಾ?" ಎದುರು ಬಂದ ಸೈಕಲ್ಲಿನವನು ಗದರಿದ.

ಬುಗುರಿ ಪರದೆಯ ಹಿಂದೆ ಸರಿದಳು.

ಮರುದಿನ ಕ್ಲಾಸಿನಲ್ಲಿ ಅವಳು ಅಬ್ಬರಿಸಲಿಲ್ಲ. ಇಲ್ಲದ ಬೀಗವನ್ನು ಹಾಕಿದಳು. ಎಳೆದು ನೋಡಿದಳು. ಹೋದಳು, ನಿಂತಳು, ವಾಪಸ್ ಬಂದು ಮತ್ತೆ ಎಳೆದಳು. ಬಾಗಿಲಿಗೆ ಅಂಗೈ ಒತ್ತಿ ನಿಂತಳು. ಆಮೇಲೆ ಗೋಪುರವನ್ನೇ ನೋಡುತ್ತ ಹೋಗಿ ಮಿಸ್ಸಿನ ಮೇಜಿಗೆ ಢಿಕ್ಕಿ ಹೊಡೆದಳು.

ಯಾರೋ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

"ಮಿಸ್, ಈಗ 'ಎಲೆ ದುಷ್ಟೇ' ಅನ್ನೋಕೆ ಬಾಯೇ ಬರ್ತಿಲ್ಲ," ಎಂದಳು ರಾಜಕುಮಾರಿ.

"ಆದ್ರೂ ಕೂಡಿಹಾಕಿದ್ದು ತಪ್ಪೇ ಅಲ್ವಾ?" ಎಂದ ಕನ್ನಡಕದ ಹುಡುಗ.

"ತಪ್ಪೇ. ಒಳಗಿದ್ದವರಿಗಲ್ವಾ ಗೊತ್ತಾಗೋದು," ಎಂದಳು ಬುಗುರಿ. ಸ್ವಲ್ಪ ತಡೆದು, "ಆದ್ರೆ ಮಾಟಗಾತಿಗೂ ಭಯ ಕಣೋ," ಎಂದಳು.

ಮಿಸ್ ಮರದ ಪಾರ್ಟಿಗೆ ಬೇರೆ ಯಾರನ್ನೋ ಕರೆದರು.

ಸಂಜೆ ಕ್ಲಿಕ್ ಎಂದಿತು. ಬೂಟಿನ ಸದ್ದು ಇಳಿಯಿತು, ನಿಂತಿತು, ಮೇಲೆ ಬಂತು.

"ಅಪ್ಪಾ, ಬೀಗ ಬಿದ್ದಿದೆ. ಹೋಗು, ಲೇಟಾಗತ್ತೆ."

ಬೂಟಿನ ಸದ್ದು ಬಾಗಿಲಿಗೆ ಇನ್ನಷ್ಟು ಹತ್ತಿರ ಬಂತು.

"ಏನೇ, ಇವತ್ತು ಜೈಲು ಅಂತ ಕೂಗಲೇ ಇಲ್ಲ?"

"ಜೈಲೇ. ನನಗೂ ಒಂದು ಕೀ ಕೊಡು. ರಸ್ತೆಗೆ ಓಡಲ್ಲ."

"ಹೂಂ... ಅಮ್ಮನ್ನ ಕೇಳೋಣ."

ಬೂಟಿನ ಸದ್ದು ದಡದಡ ಇಳಿಯಿತು. ಬುಗುರಿ ಕಿಟಕಿಗೆ ಓಡಿ, ಸರಳುಗಳ ನಡುವೆ ಮುಖವಿಟ್ಟು ಕಾದಳು. ಅಪ್ಪ ಹೊರಗೆ ಬಂದ. ಇನ್ನೇನು ತಲೆ ಎತ್ತಬೇಕು, ಅಷ್ಟರಲ್ಲಿ ಕೂಗಿದಳು:

"ಅಪ್ಪಾ, ನಾನು ಇಲ್ಲೇ ಇದೀನಿ! ನೀನು ಮುಂದೆ ನೋಡ್ಕೊಂಡು ನಡಿ!"