ಕೇಳದೇ ಬರೆದ ದೃಶ್ಯ

"ನಕ್ಕಿದ್ದು ಯಾರು?"

ತ್ರಿಪುರಸುಂದರಿ ಓದುತ್ತಿದ್ದ ಹಾಳೆಯನ್ನು ಕೆಳಗಿಳಿಸಿ ಹಿಂದಿನ ಸಾಲಿನತ್ತ ತಿರುಗಿದಳು. ಅವಮಾನಕ್ಕೆ ಕಿವಿಗಳು ಬಿಸಿಯಾಗಿದ್ದವು.

ಕೊನೆಯ ಬೆಂಚಿನಿಂದ ಒಬ್ಬ ಯುವಕ ಎದ್ದು ನಿಂತ.

"ನಾನೇ... ಸಾರಿ. ನಿಮ್ಮ ದೃಶ್ಯದಲ್ಲಿ ಗಂಡ ಹೆಂಡ್ತಿ ಜಗಳ ಆಡ್ತಾ ಇಷ್ಟೊಂದು ಮಾತಾಡ್ತಾರಲ್ಲ! ನಮ್ಮನೇಲಿ ಸಿಟ್ಟು ಬಂದ್ರೆ ಪಾತ್ರೆ ಸ್ವಲ್ಪ ಜೋರಾಗಿ ಇಡ್ತಾರೆ, ಅಷ್ಟೇ."

ಇಡೀ ಹಾಲ್ ಗೊಳ್ಳೆಂದು ನಕ್ಕಿತು.

"ನೀವೇನು ದೊಡ್ಡ ರೈಟರ್ರಾ?" ಅವಳು ಸಿಡುಕಿದಳು.

"ರೈಟರ್ರೇ. ಮಲ್ಲಂದೂರಿನ ಎಸ್ಟೇಟಲ್ಲಿ. ಆಳುಗಳ ಹಾಜರಿ ಬರೀತೀನಿ. ಹೆಸ್ರು ತನ್ಮಯ್."

ಈ ಸಲ ನಗು ತಡೆಯಲು ತ್ರಿಪುರ ತುಟಿ ಕಚ್ಚಿಕೊಳ್ಳಬೇಕಾಯಿತು.

ಅದು ಮೂಡಿಗೆರೆಯಲ್ಲಿ ನಡೆಯುತ್ತಿದ್ದ ಚಿತ್ರಕಥೆಯ ತರಗತಿ. ಇಪ್ಪತ್ತೈದು ವರ್ಷ ಬೆಂಗಳೂರಿನಲ್ಲಿ ಧಾರಾವಾಹಿ ಬರೆದು ಊರಿಗೆ ಮರಳಿದ್ದ ಗುರುವಯ್ಯನವರು ಹತ್ತು ಭಾನುವಾರ ಪಾಠ ಹೇಳುವುದೆಂದು ಒಪ್ಪಿಕೊಂಡಿದ್ದರು. ಕಳಸದ ಹೈಸ್ಕೂಲ್ ಮೇಷ್ಟರ ಮಗಳು ತ್ರಿಪುರ ಪ್ರತಿ ವಾರ ಮೊದಲ ಬಸ್ಸು ಹತ್ತಿ ಬರುತ್ತಿದ್ದಳು. ಎಂದಾದರೂ ಟೀವಿಯಲ್ಲಿ 'ಸಂಭಾಷಣೆ' ಎಂಬುದರ ಮುಂದೆ ತನ್ನ ಹೆಸರು ಬರಬೇಕು... ಅವಳಿಗಿದ್ದ ಆಸೆ ಅದೊಂದೇ.

"ನಿನಗೆ ಮಾತು ಜಾಸ್ತಿ, ಅವನಿಗೆ ಕಮ್ಮಿ. ಇಬ್ರೂ ಒಟ್ಟಿಗೆ ಕೂತು ಬರೀರಿ," ಎಂದರು ಗುರುವಯ್ಯ.

ಹಾಗೆ ಶುರುವಾಯಿತು. ಅವಳು ಬರೆದ ಪುಟದ ಮೇಲೆ ಬೆರಳಿಟ್ಟು ಅವನು ಕೇಳುತ್ತಿದ್ದ, "ಈ ಸಾಲು ಬೇಕಾ?" ಅವಳು ಜಗಳ ತೆಗೆಯುತ್ತಿದ್ದಳು. ಆಮೇಲೆ ಆ ಸಾಲನ್ನು ತಾನೇ ಹೊಡೆದುಹಾಕುತ್ತಿದ್ದಳು. ಐದನೇ ವಾರದ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು.

ಎಂಟನೇ ಭಾನುವಾರ ಕಳಸದ ಬಸ್ಸು ತಡವಾಯಿತು. ಜೊತೆಗೆ ಕಾಯುತ್ತ ಕೂತವನು ಇದ್ದಕ್ಕಿದ್ದಂತೆ ತನ್ನ ಅಪ್ಪ ಸುಬ್ಬಣ್ಣನವರ ಕೊನೆಯ ಗಳಿಗೆಯ ಬಗ್ಗೆ ಮಾತು ತೆಗೆದ.

"ಆಸ್ಪತ್ರೇಲಿ ಅವ್ವ ಗಂಜಿ ತರಕ್ಕೆ ಅಂತ ಕೆಳಗೆ ಹೋಗಿದ್ಲು. ಅಷ್ಟರೊಳಗೆ ಮುಗೀತು. ಅಪ್ಪ ಕೊನೆಗೆ ಅಂದಿದ್ದು 'ನೀರು' ಅಂತ ಮಾತ್ರ. ಅವ್ವ ಗಂಜಿ ಡಬ್ಬಿ ಹಿಡ್ಕೊಂಡು ಬಾಗಿಲಲ್ಲೇ ನಿಂತು, 'ಏನಂದ್ರು?' ಅಂದ್ಲು. ಏನು ಹೇಳ್ಲಿ? 'ನಿನ್ ಹೆಸ್ರು ಕರೆದ್ರು' ಅಂದ್ಬಿಟ್ಟೆ."

ತ್ರಿಪುರ ಅವನತ್ತ ತಿರುಗಿ ಕೂತಳು.

"ಈಗ್ಲೂ ಮನೆಗೆ ಬಂದೋರಿಗೆಲ್ಲ ಹೇಳ್ತಾಳೆ, ಕೊನೆಗೆ ನನ್ನ ಹೆಸ್ರು ಕರೆದ್ರು ಅಂತ. ಸುಳ್ಳು ಅಂತ ಗೊತ್ತಿರೋದು ನಂಗೊಬ್ಬನಿಗೆ. ಈಗ ನಿಂಗೆ."

ಅವಳು ಅವನ ಕೈ ಹಿಡಿದುಕೊಂಡಳು. ಬಸ್ಸು ಬರುವವರೆಗೂ ಬಿಡಲಿಲ್ಲ.

ತರಗತಿ ಮುಗಿದ ಮೇಲೆ ಗುರುವಯ್ಯನವರ ಶಿಫಾರಸಿನಿಂದ ಅವಳಿಗೆ ಬೆಂಗಳೂರಿನ ಧಾರಾವಾಹಿಯೊಂದರಲ್ಲಿ ಸಂಭಾಷಣೆ ಬರೆಯುವ ಕೆಲಸ ಸಿಕ್ಕಿತು. ತನ್ಮಯ್ ದಿನಾ ಫೋನ್ ಮಾಡುತ್ತಿದ್ದ. ಇಬ್ಬರೂ ಪ್ರೀತಿ ಎಂಬ ಪದವನ್ನು ಮಾತ್ರ ಬಾಯಿ ಬಿಟ್ಟು ಆಡಿರಲಿಲ್ಲ.

ಎರಡನೇ ತಿಂಗಳಲ್ಲಿ ಕಥೆಯ ಹಿರಿಯರೊಬ್ಬರ ಸಾವಿನ ದೃಶ್ಯ ಅವಳ ಪಾಲಿಗೆ ಬಂತು. ಅವಳು ಎರಡು ಸಲ ಬರೆದಳು. ಎರಡೂ ಸಲ ಹಾಳೆ ವಾಪಸ್ಸು ಬಂತು. "ಇದರಲ್ಲಿ ಜೀವ ಇಲ್ಲಮ್ಮ. ನಾಳೆ ಬೆಳಿಗ್ಗೆ ಶೂಟಿಂಗ್. ನಿಮ್ಮ ಕೈಲಿ ಆಗ್ದಿದ್ರೆ ಹೇಳಿ, ಬೇರೆಯವ್ರಿಗೆ ಕೊಡ್ತೀವಿ," ಎಂದರು ನಿರ್ದೇಶಕರು.

ಅವಳ ಕಣ್ಣ ಮುಂದೆ ಬಂದದ್ದು ಗಂಜಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸು.

'ಒಂದು ಮಾತು ಕೇಳಿಬಿಡೋಣ...' ತನ್ಮಯ್‌ಗೆ ಫೋನ್ ಮಾಡಿದಳು. ಮಲ್ಲಂದೂರಿನಲ್ಲಿ ಸಿಗ್ನಲ್ ಇರಲಿಲ್ಲ. ಮತ್ತೊಮ್ಮೆ ಮಾಡಬಹುದಿತ್ತು. ಮಾಡದೇ ಬರೆಯಲು ಕೂತಳು. ಫೋನ್ ಸಿಗದೇ ಹೋದದ್ದಕ್ಕೆ ಆ ಹೊತ್ತು ಅವಳಿಗೆ ಸಮಾಧಾನವೇ ಆಗಿತ್ತು! ಮುಂದೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಆ ಸಮಾಧಾನವೇ.

ದೃಶ್ಯ ಪ್ರಸಾರವಾದ ಸಂಜೆ ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಆಗಲೇ ತನ್ಮಯ್‌ನ ಫೋನ್ ಬಂತು.

"ಅವ್ವ ನೋಡಿದ್ಲು," ಎಂದ. ದನಿ ತಣ್ಣಗಿತ್ತು. "ಗಂಜಿ ಡಬ್ಬಿ, ಬಾಗಿಲು, ಮಗ ಹೇಳೋ ಸುಳ್ಳು... ಎಲ್ಲ ಹಾಗೇ ಇಟ್ಟಿದೀಯ. ಟೀವಿ ಆಫ್ ಮಾಡಿ ಒಳಗೆ ಹೋದ್ಲು. ಒಂದು ಮಾತಾಡಿಲ್ಲ."

"ತನ್ಮಯ್, ನಾನು ನಿಂಗೆ ಫೋನ್..."

"ನನ್ನ ಹತ್ರ ಕೂತಿದ್ದು ಕಥೆಗೋಸ್ಕರನಾ?"

ಅಲ್ಲ ಎನ್ನಲು ಬಾಯಿ ತೆರೆದಳು. ಅವನು ಆಗಲೇ ಇಟ್ಟುಬಿಟ್ಟಿದ್ದ. ಆಮೇಲೆ ಅವಳ ನಂಬರಿನಿಂದ ಅವನಿಗೆ ಫೋನ್ ಹೋಗಲೇ ಇಲ್ಲ.

ಹದಿನಾರು ತಿಂಗಳು ಕಳೆದವು. ಟೀವಿಯಲ್ಲಿ ಅವಳ ಹೆಸರು ದಿನಾ ಬರುತ್ತಿತ್ತು. ಅವಳಿಗೆ ಅದನ್ನು ನೋಡುವ ಮನಸ್ಸೇ ಇರಲಿಲ್ಲ. ಮಲ್ಲಂದೂರಿಗೆ ಹೋಗಬೇಕೆಂದು ನಾಲ್ಕು ಸಲ ರಜೆ ಹಾಕಿ ನಾಲ್ಕು ಸಲವೂ ಅಂಜಿ ಸುಮ್ಮನಾಗಿದ್ದಳು.

ಜನವರಿಯಲ್ಲಿ ಊರಿಗೆ ಬಂದವಳು ಮೂಡಿಗೆರೆಯಲ್ಲಿಳಿದು ಗುರುವಯ್ಯನವರ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು.

"ಬರೆಯೋರೆಲ್ಲ ಬೇರೆಯವ್ರ ಬದುಕಿಂದಲೇ ತಗೊಳ್ಳೋದಮ್ಮ. ಕೇಳಿ ತಗೋಬೇಕು ಅಂತ ನಾನು ಹತ್ತು ಭಾನುವಾರದಲ್ಲಿ ಒಂದು ದಿನಾನೂ ಹೇಳ್ಲಿಲ್ಲ. ಅದು ನನ್ನ ತಪ್ಪು. ನೀನು ಮೊದ್ಲು ಹೋಗಿ ಆ ತಾಯಿನ ನೋಡು."

ಮಾರನೆಯ ದಿನ ಮಧ್ಯಾಹ್ನ ಅವಳು ಮಲ್ಲಂದೂರಿನ ಆ ಮನೆಯ ಮುಂದೆ ನಿಂತಿದ್ದಳು. ತನ್ಮಯ್‌ನ ತಾಯಿ ಕಲ್ಲಮ್ಮ ಕಣದಲ್ಲಿ ಹರವಿದ್ದ ಕಾಫಿಯನ್ನು ಕಾಲಿನಿಂದ ತಿರುವುತ್ತಿದ್ದರು.

"ಅಮ್ಮ... ನಾನು ತ್ರಿಪುರಸುಂದರಿ. ಆ ಧಾರಾವಾಹಿ ಬರೆದವಳು."

ಕಲ್ಲಮ್ಮನ ಕಾಲು ನಿಂತಿತು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತಪ್ಪಾಯ್ತಮ್ಮ. ನಿಮಗೆ ಗೊತ್ತಾಗಬಾರದ್ದು ನನ್ನಿಂದ..."

"ಗೊತ್ತಾಗಬಾರದ್ದು ಏನಿತ್ತು?" ಕಲ್ಲಮ್ಮ ಮೆಲ್ಲಗೆ ಹೇಳಿದರು. "ಮೂವತ್ತು ವರ್ಷ ನನ್ನನ್ನ 'ಇವಳೇ' ಅಂತ ಕರೆದೋರು, ಸಾಯುವಾಗ ಹೆಸ್ರು ಹಿಡಿದು ಕೂಗ್ತಾರಾ? ಮಗ ಹೇಳಿದ ಗಳಿಗೇಲೇ ತಿಳೀತು, ಇವನೇ ಕಟ್ಟಿದ ಮಾತು ಅಂತ."

ತ್ರಿಪುರ ಬೆಚ್ಚಿದಳು. "ಮತ್ತೆ... ಬಂದವರಿಗೆಲ್ಲ ಹೇಳ್ತಿದ್ರಲ್ಲ?"

"ಅವನಿಗೆ ಕೇಳ್ಲಿ ಅಂತ. ಅಪ್ಪನ ಹತ್ರ ಕೂತಿದ್ದ ಮಗ, ಅವನಿಗೂ ಒಂದು ಸಮಾಧಾನ ಬೇಕಲ್ಲ. ಹೇಳ್ತಾ ಹೇಳ್ತಾ ನಂಗೂ ನಿಜ ಅನ್ನಿಸಕ್ಕೆ ಶುರುವಾಗಿತ್ತು ಕಣೇ... ಈಗ ಹೇಳಕ್ಕೆ ಬಾಯೇ ಬರಲ್ಲ. ಅದೊಂದನ್ನ ನೀನು ಕಿತ್ಕೊಂಡೆ."

ತ್ರಿಪುರಳ ಕಣ್ಣಿಂದ ನೀರು ಇಳಿಯಿತು. ಮರಳಿ ಕೊಡಲು ಅವಳ ಬಳಿ ಏನೂ ಇರಲಿಲ್ಲ.

"ಕ್ಷಮೆ ಗಿಮೆ ಅಂತೆಲ್ಲ ಮಾತಾಡಕ್ಕೆ ನಂಗೆ ಬರಲ್ಲ. ಬಿಸಿಲಲ್ಲಿ ನಿಲ್ಲಬೇಡ, ಜಗಲಿ ಮೇಲೆ ಕೂತ್ಕೋ," ಎಂದು ಕಲ್ಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ನಡೆದರು.

ಅವಳು ತಿರುಗಿದಾಗ ಗೇಟಿನ ಬಳಿ ತನ್ಮಯ್ ನಿಂತಿದ್ದ. ಊಟಕ್ಕೆಂದು ಎಸ್ಟೇಟಿನಿಂದ ಬಂದವನು ತಾಯಿಯ ಮಾತೆಲ್ಲ ಕೇಳಿಸಿಕೊಂಡಿದ್ದ. ಮುಖ ಬಿಳುಚಿಕೊಂಡಿತ್ತು.

"ಅವ್ವಂಗೆ ಗೊತ್ತಿತ್ತು..." ಎಂದ. ಜಗಲಿಯ ತುದಿಯಲ್ಲಿ ಕುಸಿದು ಕೂತ. "ಇಷ್ಟು ದಿನ ಅವ್ವನ್ನ ನಾನು ಕಾಯ್ತಿದೀನಿ ಅಂದ್ಕೊಂಡಿದ್ದೆ."

ತ್ರಿಪುರ ಅವನ ಪಕ್ಕದಲ್ಲಿ ಬಂದು ಕೂತಳು.

"ನಿನ್ನ ನಂಬರ್ ಯಾಕೆ ಬ್ಲಾಕ್ ಮಾಡ್ದೆ ಗೊತ್ತಾ?" ಅವನೇ ಕೇಳಿದ. "ನಿನ್ನ ದನಿ ಕೇಳಿದ್ರೆ ಕ್ಷಮಿಸ್ಬಿಡ್ತಿದ್ದೆ. ಅವ್ವನ್ನ ನೋಡ್ತಾ ಹಾಗೆ ಮಾಡಕ್ಕೆ ಮನಸ್ಸಾಗ್ಲಿಲ್ಲ."

"ಹದಿನಾರು ತಿಂಗಳು ಹೋಯ್ತು ತನ್ಮಯ್..."

"ಹೋಯ್ತು. ಇನ್ನು ಅದು ಬರಲ್ಲ."

"ನಿನ್ನ ಹತ್ರ ಕೂತಿದ್ದು ಕಥೆಗಲ್ಲ," ಎಂದಳು ತ್ರಿಪುರ. "ಪ್ರೀತಿಗೆ. ಅವತ್ತೇ ಹೇಳ್ಬೇಕಿತ್ತು. ಊರಿಗೆಲ್ಲ ಮಾತು ಬರೆದುಕೊಟ್ಟೆ, ಇದೊಂದು ಮಾತು ನಿಂಗೆ ಹೇಳ್ಲಿಲ್ಲ."

ತನ್ಮಯ್ ಅವಳ ಕಡೆ ತಿರುಗಿದ. ಕಣ್ಣು ಒದ್ದೆಯಾಗಿತ್ತು.

"ಸಂಜೆ ಬಸ್ಸಿಗೆ ಹೋಗ್ತೀಯಾ?"

"ಹೋಗ್ಬೇಕು."

"ನಾಳೆ ಹೋಗು ಮಾರಾಯ್ತಿ. ಅವ್ವ ನಿನ್ನನ್ನೂ ಸೇರಿಸ್ಕೊಂಡೇ ರೊಟ್ಟಿಗೆ ಹಿಟ್ಟು ಬೇಯಿಸ್ತಿರ್ತಾಳೆ."

"ನಾಳೆ ಹೋದ್ರೆ... ಮತ್ತೆ ಬರಬಹುದಾ?"

ಅವನು ಅವಳ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ.

"ಬಾ," ಎಂದ. "ಕಾಯ್ತಿರ್ತೀನಿ."