ಹಾಲುವಾಣಕ್ಕೆ ಕೆಂಪು ಗುರುತು

"ಆ ಮರ ಸತ್ತಿಲ್ಲ ಕಣ್ರೀ ಮೇಡಂ. ಎಲೆ ಉದುರಿಸ್ಕಂಡು ನಿಂತದೆ ಅಷ್ಟೇಯ."

ದೀಪಶ್ರೀ ಬ್ರಶ್ ಹಿಡಿದುಕೊಂಡೇ ತಿರುಗಿದಳು. ಬೆಳಕವಾಡಿ ರಸ್ತೆಯ ಪಕ್ಕದ ಹೊಲದಲ್ಲಿ ಕಬ್ಬಿಗೆ ನೀರು ಕಟ್ಟುತ್ತಿದ್ದವನು ಬದುವಿಗೆ ಬಂದು ನಿಂತಿದ್ದ. ಮೊಣಕಾಲವರೆಗೂ ಕೆಸರು, ಮುಖದ ತುಂಬ ತುಂಟ ನಗು. ಅವಳು ಆಗಷ್ಟೇ ಮರದ ಬೊಡ್ಡೆಗೆ ಕೆಂಪು ಪಟ್ಟಿ ಬಳಿದಿದ್ದಳು. ಕೆಂಪು ಬಿತ್ತೆಂದರೆ ಒಣಮರ, ಶನಿವಾರ ಗರಗಸ. ಮಂಡ್ಯದಲ್ಲಿ ಬೆಳೆದು, ಬಾಟನಿ ಎಂ.ಎಸ್ಸಿ. ಮುಗಿಸಿ, ಐದು ದಿನದ ಮರಗಣತಿಗೆಂದು ಬಂದವಳಿಗೆ ಇವನು ಪಾಠ ಹೇಳುವುದೇ?

"ನಿಮಗೆ ಹೇಗ್ರೀ ಗೊತ್ತು?"

ಅವನು ಹೆಬ್ಬೆರಳ ಉಗುರಿನಿಂದ ರೆಂಬೆಯ ತೊಗಟೆ ಕೆರೆದು ತೋರಿಸಿದ. ಒಳಗೆ ಹಿಸುಕಿದ ಅವರೆಬೇಳೆಯಂಥ ಎಳೆ ಹಸಿರು.

ದೀಪಶ್ರೀಯ ಕಿವಿ ಬಿಸಿಯಾಯಿತು. ಅವಳು ಕಲಿತದ್ದೆಲ್ಲ ಎಲೆ ನೋಡಿ. ಈ ಮಾಗಿಯಲ್ಲಿ ಮರಗಳೆಲ್ಲ ಬೋಳು, ಅವಳ ವಿದ್ಯೆಯೂ ಬೋಳು! ಒಣಮರಗಳ ಪಟ್ಟಿಯಿಂದ ಆ ಮರವನ್ನು ಹೊಡೆದುಹಾಕಿದಳು. ಬಣ್ಣವನ್ನು ಸೀಮೆಎಣ್ಣೆ ಹಾಕಿ ಉಜ್ಜಿದರೂ ಚೂರು ಉಳಿಯಿತು.

ಮಾರನೆಯ ದಿನದಿಂದ ಆ ಕಬ್ಬಿನ ಹೊಲದವನು, ಶಶಿಧರ, ಮರ ಗುರುತಿಸಿಕೊಡುತ್ತ ಅವಳ ಜೊತೆ ನಡೆದ.

"ಗಾಳಿ ಬಂದ್ರೆ ಒಣಕಾಯಿ ಗಲಗಲ ಅಂತದಲ್ಲ, ಅದು ಬಾಗೆ. ಮೈಯೆಲ್ಲ ಸೊಟ್ಟ ಇದ್ರೆ ಮುತ್ತುಗ."

"ನಿಮ್ಮ ಥರ."

"ನಾನು ಮಾತಲ್ಲಿ ಮಾತ್ರ ಸೊಟ್ಟ ಬುಡಿ ಮೇಡಂ."

ಅವಳು ನಕ್ಕಳು. ತೊಗಟೆಗಿಂತ ತೊಗಟೆಯ ಮೇಲೆ ಓಡಾಡುವ ಅವನ ಬೆರಳುಗಳನ್ನೇ ಹೆಚ್ಚು ನೋಡುತ್ತಿದ್ದಳು. ಅವನು ತಟ್ಟನೆ ತಲೆಯೆತ್ತಿದರೆ ಪಟ್ಟಿಯಲ್ಲಿ ಏನೋ ಬರೆಯುವಂತೆ ನಟಿಸುತ್ತಿದ್ದಳು. ಒಮ್ಮೆ ಪೆನ್ನಿನ ಕ್ಯಾಪನ್ನೇ ತೆಗೆದಿರಲಿಲ್ಲ. ಅವನು ಅದನ್ನು ನೋಡಿ ಮುಂದಿನ ಮರದತ್ತ ಹೆಜ್ಜೆ ಹಾಕಿದ.

ಐದನೆಯ ದಿನ ಬಂದೇಬಿಟ್ಟಿತು. ಸಂಜೆ ಪಟ್ಟಿ ಒಪ್ಪಿಸಿದರೆ ಇತ್ತ ಬರಲು ಅವಳಿಗೆ ಕಾರಣವೇ ಇಲ್ಲ. ಈ ಮಹಾನುಭಾವನೋ ದಾರಿಯುದ್ದಕ್ಕೂ ಮರದ ಹೆಸರು ಹೇಳಿದ, ಹೇಳಬೇಕಾದ ಒಂದೇ ಒಂದು ಮಾತು ಹೇಳಲಿಲ್ಲ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಕಡೇ ಪರೀಕ್ಷೆ. ಕಣ್ ಮುಚ್ಕಳಿ," ಎಂದ.

ಮುಚ್ಚಿಕೊಂಡಳು. ಅವನು ಮೆಲ್ಲಗೆ ಮಣಿಕಟ್ಟು ಹಿಡಿದು ಮರದ ಹತ್ತಿರ ಕರೆದೊಯ್ದ. ಎದೆಯ ಸದ್ದು ಅವನಿಗೂ ಕೇಳಿಸೀತೆಂದು ಅವಳಿಗೆ ಭಯ. ಅಂಗೈಗೆ ದಪ್ಪ ದಪ್ಪ ಮುಳ್ಳು ತಾಕಿದವು.

"ಬೂರುಗ."

"ಸೈ. ಇದು?"

ನುಣುಪು ತೊಗಟೆ, ಅಲ್ಲಲ್ಲಿ ಸಣ್ಣ ಮುಳ್ಳು. ಬೆರಳಿಗೆ ಒಣಗಿದ ಬಣ್ಣದ ಚಕ್ಕೆ ಸಿಕ್ಕಿತು.

"ಹಾಲುವಾಣ. ನಾನು ಸಾಯಿಸೋಕೆ ಹೊರಟಿದ್ದ ಮರ."

"ನಮ್ಮನೇಲಿ ಮದ್ವೆ ಅಂದ್ರೆ ಚಪ್ಪರದ ಹಾಲುಗಂಬಕ್ಕೆ ಇದ್ರ ಕೊಂಬೇನೇ. ತಾತಂಗೂ ಇದೇ, ಅಪ್ಪಂಗೂ ಇದೇ. ಸೋದರಮಾವ ಬಂದು ಪೂಜೆ ಮಾಡಿ ಕಡೀತಾನೆ. ಅವತ್ತು ನೀವು ಕೆಂಪು ಬಳಿದಾಗ ನನ್ನೆದೆ ಧಸಕ್ ಅಂತು."

ಅವಳು ಕಣ್ಣು ಬಿಟ್ಟಳು. "ಮತ್ತೆ ನಿಮ್ಮ ಹಾಲುಗಂಬ ಯಾವಾಗ?"

ಅವನು ನೆಲ ನೋಡಿದ. "ಹುಡ್ಗಿ ಒಪ್ಪಬೇಕಲ್ಲ."

"ಯಾವ ಹುಡುಗಿ?"

"ಹಸೀಮರ ಯಾವ್ದು, ಒಣಮರ ಯಾವ್ದು ಅಂತ ಗೊತ್ತಾಗ್ದೆ ಇದ್ದೋಳು. ಐದು ದಿನದಿಂದ ಕೇಳನ ಕೇಳನ ಅಂತೀನಿ, ನಾಲಗೆ ಏಳಾಕಿಲ್ಲ."

ದೀಪಶ್ರೀಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಕುಣಿಯಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು, ತುದಿಗಾಲಲ್ಲಿ ನಿಂತಳು, ನೆಟ್ಟಗಿದ್ದ ಒಂದು ಕೊಂಬೆ ಆರಿಸಿ ಅದಕ್ಕೆ ಪುಟ್ಟದೊಂದು ಕೆಂಪು ಬೊಟ್ಟಿಟ್ಟಳು.

ಶಶಿಧರ ಗಾಬರಿಯಾದ. "ಇದೇನ್ರೀ ಮೇಡಂ, ತಿರುಗಾ ಕೆಂಪು?"

"ನಿಮ್ಮ ಸೋದರಮಾವನಿಗೆ ಕೊಂಬೆ ಹುಡುಕೋದು ಕಷ್ಟ ಆಗಬಾರದಲ್ಲ," ಎಂದಳು. "ಮತ್ತೆ ಇನ್ನಾದರೂ ಮೇಡಂ ಅನ್ನೋದು ಬಿಡಿ."